ಗಾಜಿನ ಮೇಲೆ ನೀರು ನಿಲ್ಲದ ಲೇಪನ: ಪರೀಕ್ಷಕರ ತಿರಸ್ಕಾರ ಸರಿಯೇ?

ಒಂದು ಹಳೆಯ ಪೇಟೆಂಟಿನಲ್ಲಿ ಸಿಲಿಕಾ ನ್ಯಾನೊಕಣಗಳಿಂದ ಗಾಜನ್ನು ಒರಟಾಗಿಸುವ ವಿಧಾನವಿದೆ, ಇನ್ನೊಂದರಲ್ಲಿ ನೀರನ್ನು ದೂರವಿಡುವ ಫ್ಲೋರಿನ್‌ಯುಕ್ತ ರಾಸಾಯನಿಕವಾದ ಫ್ಲೋರೊಸಿಲೇನ್‌ನ ಲೇಪನವಿದೆ. ಎರಡನ್ನೂ ಸೇರಿಸಿದ ನಿಮ್ಮ ಪೇಟೆಂಟ್ ಅರ್ಜಿಯನ್ನು ಅಮೆರಿಕದ ಪೇಟೆಂಟ್ ಪರೀಕ್ಷಕರು ‘ಇದು ಈ ವಿದ್ಯೆ ಬಲ್ಲ ಯಾರಿಗಾದರೂ ಹೊಳೆಯುವಂಥದ್ದು’ ಎಂದು ತಳ್ಳಿಹಾಕಿದ್ದಾರೆ. ಅದು ಸರಿಯೇ ಎಂಬುದು ನಿಮ್ಮ ಪ್ರಶ್ನೆ.

ಬೇಸರವಾಗಬಹುದು, ಆದರೆ ಅಷ್ಟನ್ನೇ ನೋಡಿದರೆ ನಾನೂ ಅವರ ಪರವೇ. ನುಣುಪಾದ ಮೇಲ್ಮೈಗೆ ಎಂಥ ಫ್ಲೋರಿನ್ ಲೇಪನ ಬಳಿದರೂ ನೀರಹನಿಯ ಸ್ಪರ್ಶಕೋನ (ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನ; ಅದು ಹೆಚ್ಚಿದಷ್ಟೂ ನೀರು ಅಂಟುವುದು ಕಡಿಮೆ) ಸುಮಾರು 120 ಡಿಗ್ರಿಯಲ್ಲಿ ನಿಂತುಬಿಡುತ್ತದೆ. 150 ದಾಟಬೇಕಾದರೆ ಒರಟುತನ ಬೇಕೇ ಬೇಕು. ಒರಟುತನದಿಂದ ಈ ಕೋನ ಹೇಗೆ ಬದಲಾಗುತ್ತದೆಂಬ ಲೆಕ್ಕವನ್ನು ವಿಜ್ಞಾನಿಗಳಾದ ವೆನ್ಜೆಲ್ 1936ರಲ್ಲಿ, ಕ್ಯಾಸಿ ಮತ್ತು ಬ್ಯಾಕ್ಸ್ಟರ್ 1944ರಲ್ಲಿ ಕೊಟ್ಟಾಗಿದೆ. ಹಾಗಾಗಿ ಎರಡನ್ನೂ ಜೋಡಿಸುವ ಕಾರಣ ಈ ಕ್ಷೇತ್ರದವರಿಗೆ ಮೊದಲೇ ಗೊತ್ತು. ಆ ಕಾರಣ ಹಳೆಯ ದಾಖಲೆಯಲ್ಲೇ ಬರೆದಿರಬೇಕು ಎಂಬ ಬಿಗಿಪಟ್ಟನ್ನು ಅಮೆರಿಕದ ಸುಪ್ರೀಂ ಕೋರ್ಟಿನ 2007ರ ಕೆ.ಎಸ್.ಆರ್. ತೀರ್ಪು ಸಡಿಲಿಸಿತು. ‘ಹಳೆಯ ಪೇಟೆಂಟಿನವರು 110 ಡಿಗ್ರಿಯಲ್ಲಿ ಒಣಗಿಸುತ್ತಾರೆ, ನಾವು 140ರಲ್ಲಿ’ ಎಂಬ ನಿಮ್ಮ ವಾದವನ್ನಂತೂ ಬಿಟ್ಟುಬಿಡಿ. ಉಷ್ಣತೆಯನ್ನು ಹೊಂದಿಸುವುದು ಮಾಮೂಲಿ ಪ್ರಯೋಗ ಎಂದು ಅಮೆರಿಕದ ನ್ಯಾಯಾಲಯದ 1955ರ ಆಲರ್ ಪ್ರಕರಣದಲ್ಲೇ ತೀರ್ಮಾನವಾಗಿದೆ.

ಆದರೆ ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲಿ ನೀವು ಹಗುರವಾಗಿ ಹೇಳಿ ಮುಗಿಸಿದ ಮಾತೊಂದಿದೆ: ನೀವು ಫ್ಲೋರೊಸಿಲೇನನ್ನು ಮೊದಲು ಬಳಿದು, ಕಣಗಳನ್ನು ಆಮೇಲೆ ಕೂರಿಸುತ್ತೀರಿ. ಇದನ್ನೇ ಮೊದಲ ಸಾಲಿನಲ್ಲಿ ಬರೆಯಬೇಕಿತ್ತು! ಏನೂ ಅಂಟದ ಮೇಲ್ಮೈ ಮಾಡಿಕೊಂಡು ಅದರ ಮೇಲೆ ಕಣ ಅಂಟಿಸಲು ಹೋಗುವುದು, ಬಲ್ಲವರ ಕಣ್ಣಿಗೆ, ಕೆಲಸ ಕೆಡಿಸಿಕೊಳ್ಳುವ ದಾರಿ. ಅದು ಕೆಲಸ ಮಾಡಿ, ಉಜ್ಜಿದರೂ ಕಣಗಳು ಉದುರದಿದ್ದರೆ ನಿಮ್ಮ ಬಲ ಅಲ್ಲಿದೆ. ಅಮೆರಿಕದ ಸುಪ್ರೀಂ ಕೋರ್ಟಿನ 1966ರ ಆಡಮ್ಸ್ ಪ್ರಕರಣದಲ್ಲಿ ಪೇಟೆಂಟ್ ಪಡೆದ ಬ್ಯಾಟರಿಯ ಭಾಗಗಳೆಲ್ಲ ಹಳೆಯವೇ. ಅವನ್ನು ಹಾಗೆ ಕೂಡಿಸಬಾರದೆಂಬ ತಿಳಿವಳಿಕೆಯೇ ಪೇಟೆಂಟನ್ನು ಉಳಿಸಿತು.

ಇದನ್ನು ವಕೀಲರ ಮಾತಿನಲ್ಲಿ ಹೇಳಿದರೆ ಸಾಲದು, ಪ್ರಮಾಣ ಮಾಡಿ ಬರೆದ ಹೇಳಿಕೆಯೊಂದಿಗೆ (ಅಫಿಡವಿಟ್) ಅಂಕಿ ಅಂಶ ಕೊಡಬೇಕು. ಒಂದೇ ಗಾಜು, ಒಂದೇ ಕಣ, ಒಂದೇ ಸಿಲೇನ್ ಇಟ್ಟುಕೊಂಡು ಎರಡೂ ಕ್ರಮದಲ್ಲಿ ಲೇಪಿಸಿ. ಉಜ್ಜುವ ಮೊದಲು ಮತ್ತು ನಂತರ ಸ್ಪರ್ಶಕೋನ ಅಳೆಯಿರಿ. ಒಂದೇ ಸಿಲೇನ್ ಪರೀಕ್ಷಿಸಿ ಎಲ್ಲ ಸಿಲೇನ್‌ಗಳ ಮೇಲೂ ಹಕ್ಕು ಕೇಳಿದರೆ ಪರೀಕ್ಷಕರು ಮತ್ತೆ ತಕರಾರು ತೆಗೆಯುತ್ತಾರೆ. ಅವರ ಕೆಲಸವೇ ಅದು.

ಇಷ್ಟಕ್ಕೆಲ್ಲ ಕೈಹಾಕುವ ಮೊದಲು ಅರ್ಜಿಯ ಮೂಲ ವಿವರಣೆಯನ್ನು ತೆಗೆದು ಓದಿ. ‘ಮೊದಲು ಸಿಲೇನ್, ಆಮೇಲೆ ಕಣ’ ಎಂಬ ಕ್ರಮ ಅಲ್ಲಿದ್ದರೆ ಅದನ್ನು ಕ್ಲೇಮಿನೊಳಗೂ (ಅರ್ಜಿಯಲ್ಲಿ ಹಕ್ಕು ಕೇಳುವ ಭಾಗದೊಳಗೂ) ತನ್ನಿ. ಅಲ್ಲಿಲ್ಲದಿದ್ದರೆ ಈ ಅರ್ಜಿಯಲ್ಲಿ ಈಗ ಸೇರಿಸಲು ಬರುವುದಿಲ್ಲ.