ಪ್ರತಿಕ್ರಿಯೆ: ನವೆಂಬರ್‌ನಲ್ಲೇ ಕ್ರಿಸ್‌ಮಸ್ ಹಾಡುಗಳೇಕೆ?

ಅಮೆರಿಕದ ಕೆಲವು ಎಫ್‌ಎಂ ಕೇಂದ್ರಗಳು ಡಿಸೆಂಬರ್ ಬರುವ ಮೊದಲೇ ಎಂದಿನ ಹಾಡುಗಳನ್ನು ಬದಿಗಿಟ್ಟು ದಿನವಿಡೀ ಕ್ರಿಸ್‌ಮಸ್ ಗೀತೆಗಳನ್ನೇ ಪ್ರಸಾರ ಮಾಡುವುದೇಕೆ, ಕೇಳುಗರಿಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದ್ದೀರಿ. ಬೇಸರಪಡುವವರು ಇದ್ದೇ ಇದ್ದಾರೆ. ಆದರೆ ಹೊಸದಾಗಿ ಬಂದು ಸೇರುವವರು ಸಾಮಾನ್ಯವಾಗಿ ಅವರಿಗಿಂತ ಹೆಚ್ಚು. ನ್ಯೂಯಾರ್ಕಿನ 106.7 ಲೈಟ್ ಎಫ್‌ಎಂ, ಲಾಸ್ ಏಂಜಲೀಸಿನ ಕೋಸ್ಟ್ 103.5 ಮುಂತಾದವು ನವೆಂಬರ್‌ನಲ್ಲೇ ಹೀಗೆ ಬದಲಾಗುವುದು ವಾಡಿಕೆ, ಮತ್ತು ಹಬ್ಬದ ವಾರಗಳಲ್ಲಿ ಇಂಥ ಕೇಂದ್ರಗಳು ತಮ್ಮ ನಗರದಲ್ಲಿ ಮೊದಲ ಸ್ಥಾನಕ್ಕೇರುವುದು ಅಪರೂಪವಲ್ಲ.

ಇದರ ಹಿಂದೆ ಭಕ್ತಿಗಿಂತ ಕೇಳುಗರ ಸಂಖ್ಯೆಯನ್ನು ಅಳೆಯುವ ಕ್ರಮವೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ದೊಡ್ಡ ನಗರಗಳಲ್ಲಿ ಈ ಅಳತೆ ಮಾಡುವ ನೀಲ್ಸನ್ ಸಂಸ್ಥೆಯು ಆಯ್ದ ಜನರಿಗೆ ಕೊಡುವ ಪುಟ್ಟ ಮೀಟರು, ಪ್ರಸಾರದೊಳಗೆ ಅಡಗಿರುವ, ಕಿವಿಗೆ ಕೇಳಿಸದ ಸಂಕೇತವನ್ನು ಹಿಡಿಯುವುದರಿಂದ, ತಾವಾಗಿ ಹಾಕಿಕೊಂಡ ರೇಡಿಯೊ ಮಾತ್ರವಲ್ಲದೆ ಅಂಗಡಿಯಲ್ಲೋ ಕಚೇರಿಯಲ್ಲೋ ಕಿವಿಗೆ ಬಿದ್ದ ರೇಡಿಯೊ ಕೂಡ ಲೆಕ್ಕಕ್ಕೆ ಸೇರುತ್ತದೆ. ಹಬ್ಬದ ಖರೀದಿಯ ಕಾಲದಲ್ಲಿ ಅಂಗಡಿಯವರಿಗೂ ಇಂಥ ಸಂಗೀತವೇ ಬೇಕು. ಆದರೆ ನೀಲ್ಸನ್ ವರ್ಷವನ್ನು ನಾಲ್ಕು ವಾರಗಳ 13 ಅವಧಿಗಳಾಗಿ ವಿಂಗಡಿಸಿ, ಕೊನೆಯದನ್ನು ಹಬ್ಬದ ಅವಧಿಯೆಂದೇ ಕರೆಯುವುದರಿಂದ, ಆ ಉಬ್ಬಿದ ಅಂಕಿಯನ್ನು ಇಡೀ ವರ್ಷದ ದರಕ್ಕೆ ಆಧಾರವೆಂದು ಜಾಹೀರಾತುದಾರರು ಸುಲಭವಾಗಿ ಒಪ್ಪುವುದಿಲ್ಲ.

ಹಾಡುಗಳ ಪಟ್ಟಿ ಚಿಕ್ಕದೆಂಬ ನಿಮ್ಮ ದೂರು ನ್ಯಾಯವಾದದ್ದೇ. ಆದರೆ ಕಾರಿನಲ್ಲಿ ಹತ್ತಿಪ್ಪತ್ತು ನಿಮಿಷ ಕೇಳಿ ಇಳಿದುಹೋಗುವವರಿಗೆ ಪರಿಚಿತ ಹಾಡೇ ಬೇಕೆಂದು ಕೇಂದ್ರಗಳು ಎಣಿಸುತ್ತವೆ.