ದಿನವೂ ಐದು ಕಿಲೋಮೀಟರ್ ಓಡಿದರೂ ಸಮಯ ಇಳಿಯುತ್ತಿಲ್ಲ, ಏಕೆ?

ಪ್ರಶ್ನೆ: ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವನು, ವಯಸ್ಸು 21. ಅಗ್ನಿಶಾಮಕ ಹುದ್ದೆಯ ದೈಹಿಕ ಪರೀಕ್ಷೆಗೆಂದು ನಾಲ್ಕು ತಿಂಗಳಿಂದ ದಿನವೂ ಬೆಳಿಗ್ಗೆ ಡಾಂಬರು ರಸ್ತೆಯ ಮೇಲೆ ಐದು ಕಿಲೋಮೀಟರ್ ಓಡುತ್ತಿದ್ದೇನೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕೆಂಬುದು ನನ್ನ ಗುರಿ. ಆದರೆ 7 ನಿಮಿಷ 25 ಸೆಕೆಂಡಿಗಿಂತ ಕೆಳಗೆ ಇಳಿಯುತ್ತಿಲ್ಲ. ಇತ್ತೀಚೆಗೆ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಉದ್ದಕ್ಕೂ ನೋವು ಶುರುವಾಗಿದೆ. ಓಟದ ದೂರವನ್ನು ಎಂಟು ಕಿಲೋಮೀಟರಿಗೆ ಏರಿಸಬೇಕೇ?

ಉತ್ತರ: ಏರಿಸಬೇಡಿ. ಓಟದ ವಿಷಯಕ್ಕಿಂತ ಮೊದಲು ನೋವಿನದನ್ನು ಇತ್ಯರ್ಥ ಮಾಡಿಕೊಳ್ಳೋಣ. ಎಲುಬಿನ ಒಳ ಅಂಚಿನಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಹರಡಿಕೊಂಡು, ಓಟದ ಆರಂಭದಲ್ಲಿ ಹೆಚ್ಚಾಗಿ, ಮೈ ಬಿಸಿಯಾದ ಮೇಲೆ ತಗ್ಗುವ ನೋವು ಸಾಮಾನ್ಯವಾಗಿ ಅತಿಯಾದ ಓಟದ್ದು; ಎರಡು ಮೂರು ವಾರ ಓಟವನ್ನು ಅರ್ಧಕ್ಕೆ ಇಳಿಸಿ ಮಣ್ಣಿನ ನೆಲಕ್ಕೆ ಬಂದರೆ ಬಹುಪಾಲು ಕಡಿಮೆಯಾಗುತ್ತದೆ. ಆದರೆ ಒಂದೇ ಬೆರಳಿನಿಂದ ಒತ್ತಿ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ನೋವಿದ್ದು, ರಾತ್ರಿ ಮಲಗಿದಾಗಲೂ ಅದು ಕಾಡುತ್ತಿದ್ದರೆ, ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಮೂಡಿರುವ ಸಾಧ್ಯತೆ ಉಂಟು. ಅಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಆದ್ದರಿಂದ 'ಎಕ್ಸ್‌ರೇ ಚೆನ್ನಾಗಿಯೇ ಇದೆ' ಎಂದು ಮತ್ತೆ ರಸ್ತೆಗಿಳಿಯದೆ, ಮೂಳೆ ವೈದ್ಯರಿಗೆ ಓಟದ ವಿವರವನ್ನೂ ಹೇಳಿ ತೋರಿಸಿಕೊಳ್ಳಿರಿ. ನೋವಿನ ಗುಳಿಗೆ ನುಂಗಿ ಓಡುವ ಅಭ್ಯಾಸವನ್ನು ನಮ್ಮ ಮೈದಾನಗಳಲ್ಲಿ ಬಹಳ ಕಂಡಿದ್ದೇನೆ. ಗುಳಿಗೆ ನೋವನ್ನು ಮರೆಸುತ್ತದೆಯೇ ಹೊರತು ಎಲುಬನ್ನು ಕೂಡಿಸುವುದಿಲ್ಲ. ಹೃದಯ ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಾಕಷ್ಟಿದ್ದರೂ ಕಾಲು ಸೋಲುವುದು ಇದೇ ಕಾರಣಕ್ಕೆ.

ಇನ್ನು ನೆಲ. ನಿಮ್ಮ ಕಡೆಯ ಎರೆಹೊಲ ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಿಮ್ಮಡಿಯ ಕೀಲನ್ನು ಉಳುಕಿಸುತ್ತದೆ. ಎರಡೂ ಕಾಲದಲ್ಲಿ ಓಟಕ್ಕೆ ಅದು ಸಲ್ಲದು. ಊರಿನ ಶಾಲೆಯ ಗರಸು ಹಾಕಿದ ಮೈದಾನ ಸಾಕು. ಟೇಪು ಹಿಡಿದು 200 ಮೀಟರಿನ ಸುತ್ತನ್ನು ಅಳೆದು ಸುಣ್ಣದ ಗುರುತು ಹಾಕಿಕೊಳ್ಳಿರಿ. ಮೊಬೈಲ್ ತೋರಿಸುವ ದೂರವನ್ನು ಚಿಕ್ಕ ಸುತ್ತುಗಳಲ್ಲಿ ನಂಬುವಂತಿಲ್ಲ.

ಈಗ ನಿಮ್ಮ ಮೂಲ ಪ್ರಶ್ನೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕಾದರೆ ಪ್ರತಿ 400 ಮೀಟರಿಗೆ ತೊಂಬತ್ತೇಳೂವರೆ ಸೆಕೆಂಡು ಸಿಗುತ್ತದೆ. ಈಗ ನೀವು ತೆಗೆದುಕೊಳ್ಳುತ್ತಿರುವುದು ಸರಾಸರಿ 111 ಸೆಕೆಂಡು. ದಿನವೂ ಐದು ಕಿಲೋಮೀಟರನ್ನು ಒಂದೇ ಹದದಲ್ಲಿ ಓಡುವಾಗ ನಿಮ್ಮ ವೇಗ ಇದಕ್ಕಿಂತಲೂ ನಿಧಾನವಾಗಿರುತ್ತದೆ. ಎಂದರೆ ನಾಲ್ಕು ತಿಂಗಳಲ್ಲಿ ನಿಮ್ಮ ಕಾಲುಗಳು ಪರೀಕ್ಷೆಯ ವೇಗವನ್ನು ಒಂದು ದಿನವೂ ಕಂಡಿಲ್ಲ. ಎತ್ತಿಗೆ ಬಂಡಿಯ ನಡಿಗೆಯನ್ನಷ್ಟೇ ಕಲಿಸಿ ಶರ್ಯತ್ತಿಗೆ ಕಟ್ಟಿದಂತಾಯಿತು ಇದು. ಎಂಟು ಕಿಲೋಮೀಟರ್ ಓಡಿದರೆ ನಿಧಾನವಾಗಿ ಓಡುವುದನ್ನೇ ಇನ್ನಷ್ಟು ರೂಢಿಸಿಕೊಂಡಂತಾಗುತ್ತದೆ.

ನೋವು ಪೂರ್ತಿ ಹೋದ ಮೇಲೆ ವಾರಕ್ಕೆ ನಾಲ್ಕೇ ದಿನ ಓಡಿರಿ. ಒಂದು ದಿನ 200 ಮೀಟರನ್ನು 48 ಸೆಕೆಂಡಿನಂತೆ ಎಂಟು ಸಲ, ಪ್ರತಿ ಓಟದ ನಂತರ ಒಂದೂವರೆ ನಿಮಿಷದ ನಡಿಗೆ. ಮೂರು ವಾರ ಇದು ಕೂಡಿಬಂದರೆ 400 ಮೀಟರನ್ನು 97 ಸೆಕೆಂಡಿನಂತೆ ನಾಲ್ಕು ಸಲ, ನಡುವೆ ಎರಡು ನಿಮಿಷದ ನಡಿಗೆ; ಆಮೇಲೆ ವಿಶ್ರಾಂತಿಯನ್ನು ವಾರವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಹೋಗುವುದು. ವೇಗದ ಓಟದ ಮರುದಿನ ಓಡಬೇಡಿ. ಮತ್ತೆರಡು ದಿನ ಮಾತಾಡುತ್ತ ಓಡಬಹುದಾದಷ್ಟು ಹಗುರ ಓಟ, ಉಳಿದೊಂದು ದಿನ ಏರು. ರೋಣದ ಬಯಲಿನಲ್ಲಿ ಏರು ಎಲ್ಲಿದೆ ಎಂದು ನೀವು ಕೇಳಬಹುದು. ಕೆರೆಯ ಏರಿಯೋ, ಮೇಲ್ಸೇತುವೆಯ ಬದಿಯ ಮಣ್ಣಿನ ದಾರಿಯೋ ನಡೆಯುತ್ತದೆ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟವಿದೆ, ಅವರ ಪುಣ್ಯ. ಪೂರ್ತಿ 1600 ಮೀಟರನ್ನು ಗಡಿಯಾರ ಹಿಡಿದು ಓಡುವುದು ಮೂರು ವಾರಕ್ಕೊಮ್ಮೆ ಸಾಕು. ಆ ದಿನ ಮೊದಲ 400 ಮೀಟರನ್ನು ಗೆಳೆಯರ ಹುರುಪಿಗೆ ಬಿದ್ದು 85 ಸೆಕೆಂಡಿಗೆ ಓಡಬೇಡಿ. ಅಲ್ಲಿ ಗಳಿಸಿದ ಹನ್ನೆರಡು ಸೆಕೆಂಡಿಗೆ ಮೂರನೆಯ 400 ಮೀಟರ್ ಬಡ್ಡಿಸಮೇತ ವಸೂಲಿ ಮಾಡುತ್ತದೆ.

ಎಲ್ಲರೂ ನಸುಕಿನ ತಂಪಿನಲ್ಲೇ ಅಭ್ಯಾಸ ಮಾಡುತ್ತಾರೆ, ಆದರೆ ಪರೀಕ್ಷೆಯ ದಿನ ಸಾಲಿನಲ್ಲಿ ನಿಂತು ನಿಮ್ಮ ಸರದಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರಬಹುದು. ಹಾಗಾಗಿ ವಾರಕ್ಕೊಂದು ಹಗುರ ಓಟವನ್ನು ಒಂಬತ್ತು ಗಂಟೆಯ ನಂತರ ಇಟ್ಟುಕೊಳ್ಳಿರಿ. ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಮಾತ್ರ ಈ ಸಾಹಸ ಬೇಡ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ತಯಾರಿಯ ದಿನಗಳಿಗೆ ಒಳ್ಳೆಯ ಊಟ; ಪುಡಿ ಡಬ್ಬಿಗಳಿಗೆ ಸಾಲ ಮಾಡಬೇಕಾಗಿಲ್ಲ. ಓಟದ ಬೆಳಿಗ್ಗೆ ಮಾತ್ರ ರೊಟ್ಟಿ ಹೊಟ್ಟೆಯಲ್ಲಿ ಭಾರವಾಗಿ ಕೂರುತ್ತದೆ, ಎರಡು ಗಂಟೆ ಮೊದಲು ಬಾಳೆಹಣ್ಣೋ ಸ್ವಲ್ಪ ಅವಲಕ್ಕಿಯೋ ಸಾಕು.

ನೀವು ಕೇಳದಿದ್ದರೂ ಹೇಳಬೇಕಾದದ್ದು ಇನ್ನೊಂದಿದೆ. ನಿಮ್ಮ ಪತ್ರದಲ್ಲಿ ಓಟ ಬಿಟ್ಟು ಬೇರೆ ಮಾತೇ ಇಲ್ಲ. ಅಗ್ನಿಶಾಮಕ ಕೆಲಸ ಭಾರದ ಕೆಲಸ. 63 ಮಿಲಿಮೀಟರ್ ವ್ಯಾಸದ, 15 ಮೀಟರ್ ಉದ್ದದ ಒಂದು ನೀರಿನ ಕೊಳವೆ ತುಂಬಿದಾಗ ಅದರಲ್ಲಿ ಸುಮಾರು 47 ಲೀಟರ್ ನೀರಿರುತ್ತದೆ. ಎಂದರೆ ಕೊಳವೆಯ ಸ್ವಂತ ತೂಕವನ್ನು ಬಿಟ್ಟರೂ 45 ಕಿಲೋದ ಒಂದು ಯೂರಿಯಾ ಚೀಲಕ್ಕಿಂತ ಹೆಚ್ಚು. ಎರಡು ಕೊಳವೆ ಕೂಡಿಸಿದರೆ ಎರಡು ಚೀಲ, ಅದೂ ಹೆಗಲ ಮೇಲೆ ಸುಮ್ಮನೆ ಕೂರುವ ಚೀಲವಲ್ಲ, ಒತ್ತಡಕ್ಕೆ ಹಾವಿನಂತೆ ಹೊರಳುವ ಚೀಲ. ಅಮೆರಿಕದ ಅನೇಕ ಅಗ್ನಿಶಾಮಕ ಇಲಾಖೆಗಳು ಬಳಸುವ ಪರೀಕ್ಷೆಯಲ್ಲಿ ಅಭ್ಯರ್ಥಿ ಮೈಮೇಲೆ ಸುಮಾರು 34 ಕಿಲೋ ಭಾರ ಹೊತ್ತು, ನಿಮಿಷಕ್ಕೆ 60 ಮೆಟ್ಟಿಲಿನಂತೆ ಮೂರು ನಿಮಿಷ ಹತ್ತಬೇಕು. ಕೊಳವೆ ಎಳೆಯುವುದು, ಏಣಿ ನಿಲ್ಲಿಸುವುದು, ಮನುಷ್ಯನ ತೂಕದ ಗೊಂಬೆಯನ್ನು ಎಳೆದೊಯ್ಯುವುದು ಆಮೇಲೆ. ನಮ್ಮ ನೇಮಕಾತಿಯ ಅಂಶಗಳು ಬೇರೆ, ಅವುಗಳ ಅಳತೆಯನ್ನು ನೀವು ಅರ್ಜಿ ಹಾಕುವ ಹುದ್ದೆಯ ಅಧಿಸೂಚನೆಯಿಂದಲೇ ತೆಗೆದುಕೊಳ್ಳಬೇಕು, ಕೋಚಿಂಗ್ ಕೇಂದ್ರದ ಕರಪತ್ರದಿಂದಲ್ಲ. ಆದರೆ ಬೆಂಕಿ ಎಲ್ಲ ಊರಲ್ಲೂ ಒಂದೇ.

ಇದಕ್ಕೆ ಜಿಮ್ ಬೇಕಾಗಿಲ್ಲ. ಊರಿನ ಗರಡಿಮನೆ ಇನ್ನೂ ತೆರೆದಿದ್ದರೆ ಸಾಮು, ಬೈಠಕ್, ಹಗ್ಗ ಹತ್ತುವುದು ಮೂರೂ ಅಲ್ಲೇ ಸಿಗುತ್ತವೆ. ಹಗ್ಗ ಹತ್ತುವವರು ಬರಿಯ ತೋಳಿನಿಂದ ಮೈಯನ್ನು ಎಳೆದುಕೊಳ್ಳಲು ಹೋಗಿ ಅರ್ಧಕ್ಕೆ ಜಾರುತ್ತಾರೆ; ಹಗ್ಗವನ್ನು ಒಂದು ಪಾದದ ಮೇಲೆ ಹಾಯಿಸಿ ಇನ್ನೊಂದರಿಂದ ಅದುಮಿ, ಕಾಲಿನಿಂದ ಎದ್ದು ನಿಲ್ಲುವುದನ್ನು ಕಲಿತರೆ ಕೆಲಸದ ಹೆಚ್ಚಿನ ಪಾಲನ್ನು ತೊಡೆಗಳೇ ಮಾಡುತ್ತವೆ. ಚೀಲದಲ್ಲಿ 20 ಕಿಲೋ ಉಸುಕು ತುಂಬಿ ವಾರಕ್ಕೆರಡು ದಿನ ನೂರು ಮೀಟರ್ ಹೊತ್ತು ನಡೆಯಿರಿ, ಎರಡು ವಾರಕ್ಕೊಮ್ಮೆ ಎರಡೆರಡು ಕಿಲೋ ಏರಿಸಿರಿ. ಎತ್ತುವಾಗ ಬೆನ್ನು ಬಾಗದಿರಲಿ, ಮೊಣಕಾಲು ಮಡಿಯಲಿ. ಕಾರಹುಣ್ಣಿಮೆಯ ಹುರುಪಿನಲ್ಲಿ ಗುಂಡು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಕುಳಿತವರು ಪ್ರತಿ ಊರಲ್ಲೂ ಇದ್ದಾರೆ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಎತ್ತರ ನಿಗದಿಗಿಂತ ಅರ್ಧ ಸೆಂಟಿಮೀಟರ್ ಕಡಿಮೆ ಬರುತ್ತಿದೆ, ಎದೆಯೂ ಸಾಕಷ್ಟು ಹಿಗ್ಗುತ್ತಿಲ್ಲ. ಎತ್ತರ ಹೆಚ್ಚಿಸುವ ಪುಡಿಯನ್ನು ಕೊಡಿಸಬಹುದೇ? — ಹಾವೇರಿಯ ಒಬ್ಬ ತಂದೆ

ಉತ್ತರ: ಕೊಡಿಸಬೇಡಿ. ಆ ವಯಸ್ಸಿಗೆ ಉದ್ದ ಎಲುಬುಗಳ ಬೆಳವಣಿಗೆಯ ತುದಿಗಳು ಸಾಮಾನ್ಯವಾಗಿ ಮುಚ್ಚಿಕೊಂಡಿರುತ್ತವೆ. ಯಾವ ಪುಡಿಯೂ ಅವನ್ನು ತೆರೆಯುವುದಿಲ್ಲ. ಆದರೆ ಅಳೆದದ್ದು ಯಾವ ಹೊತ್ತಿನಲ್ಲಿ ಎಂದು ಕೇಳಿ ನೋಡಿರಿ. ದಿನವಿಡೀ ನಿಂತು ಓಡಾಡಿದಾಗ ಬೆನ್ನೆಲುಬಿನ ನಡುವಿನ ಮೆತ್ತೆಗಳು ಒತ್ತಿಕೊಂಡು, ಸಂಜೆಗೆ ಮನುಷ್ಯ ಬೆಳಿಗ್ಗೆಗಿಂತ ಸುಮಾರು ಒಂದು ಸೆಂಟಿಮೀಟರ್ ಗಿಡ್ಡನಾಗುತ್ತಾನೆ. ಎದ್ದ ಕೂಡಲೇ, ಬರಿಗಾಲಿನಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ಅಳೆಯಿರಿ. ಆಗ ಅಳತೆ ಕೂಡಿಬಂದರೆ, ಪರೀಕ್ಷೆಯ ಹಿಂದಿನ ದಿನ ಭಾರ ಹೊರಿಸದೆ ಚೆನ್ನಾಗಿ ನಿದ್ದೆ ಮಾಡಿಸಿ, ಮೈದಾನದಲ್ಲಿಯೂ ಸರದಿ ಬರುವವರೆಗೆ ಕುಳಿತಿರಲು ಹೇಳಿರಿ. ಆಗಲೂ ಕಡಿಮೆ ಬಂದರೆ, ಎತ್ತರದ ನಿಯಮ ಬೇರೆಯಾಗಿರುವ ಹುದ್ದೆಗಳತ್ತ ಈಗಲೇ ಅವನ ಗಮನ ಹರಿಸುವುದು ಒಳ್ಳೆಯದು.

ಎದೆಯ ವಿಷಯದಲ್ಲಿ ಅವಕಾಶ ಹೆಚ್ಚು. ಉಸಿರು ತುಂಬಿಕೊಳ್ಳಿ ಎಂದಾಗ ಹೆಚ್ಚಿನ ಹುಡುಗರು ಹೆಗಲನ್ನು ಮೇಲೆತ್ತುತ್ತಾರೆ, ಇಲ್ಲವೇ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಟೇಪು ಇರುವುದು ಮೊಲೆತೊಟ್ಟಿನ ಮಟ್ಟದಲ್ಲಿ, ಅಲ್ಲಿ ಏನೂ ಆಗಿರುವುದಿಲ್ಲ. ಪಕ್ಕೆಲುಬುಗಳ ಮೇಲೆ ಎರಡೂ ಅಂಗೈ ಇಟ್ಟು, ಕೈಗಳನ್ನು ಹೊರಗೆ ತಳ್ಳುವಂತೆ ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಎರಡು ಮೂರು ಸೆಕೆಂಡು ಹಿಡಿದು ಬಿಡುವುದನ್ನು ದಿನಕ್ಕೆ ಹತ್ತು ನಿಮಿಷ, ನಡುನಡುವೆ ಬಿಡುವು ಕೊಟ್ಟು ಮಾಡಲಿ. ಟೇಪು ಹಿಡಿಯುವ ಕೆಲಸವನ್ನು ವಾರಕ್ಕೊಮ್ಮೆ ನೀವೇ ಮಾಡಿರಿ, ಸಡಿಲ ಬಿಡದೆ.