ಹತ್ತಾರು ಸಲ ಇಳಿದು ಬಂದಿದೆ, ಒಳಗೆ ಸೆನ್ಸರ್ ಕೂಡ ಇದೆ. ಅಂಥ ಸಬ್‌ಮರ್ಸಿಬಲ್‌ನಲ್ಲಿ, ಅಂದರೆ ಜನರನ್ನು ಕೂರಿಸಿಕೊಂಡು ನೀರಿನಡಿ ಇಳಿಯುವ ಸಣ್ಣ ನೌಕೆಯಲ್ಲಿ, ಆಳಸಮುದ್ರಕ್ಕೆ ಹೋಗುವುದು ಸೇಫ್ ಅಲ್ವಾ?

ಅಲ್ಲ. ನೀವು ಕೊಟ್ಟಿರುವ ಎರಡೂ ಕಾರಣ ನನಗೆ ಚೆನ್ನಾಗಿ ಗೊತ್ತು. ಅವನ್ನೇ ನನಗೆ ನಾನು ಹೇಳಿಕೊಂಡು ಕೈ ಸುಟ್ಟುಕೊಂಡಿದ್ದೇನೆ. ಸಮುದ್ರದಲ್ಲಲ್ಲ, ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ.

ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇತ್ತು. ಜೊತೆಗೆ ಗದಗ ಕಡೆ ಕುಡಿಯುವ ನೀರಿನ ಘಟಕಗಳ ಮೆಂಟೆನೆನ್ಸ್ ಹಿಡಿದಿದ್ದೆ. ಅಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಾಗಾಗಿ ಹಳ್ಳಿಗಳಲ್ಲಿ ಆರ್‌ಒ ಘಟಕ ಇರುತ್ತವೆ. ಒಂದು ಘಟಕದಲ್ಲಿ ಮರಳಿನ ಫಿಲ್ಟರಿನ ಟ್ಯಾಂಕ್ ಹೊರಗೆ ಬಿಸಿಲಲ್ಲಿ ನಿಂತಿತ್ತು. ಎಫ್‌ಆರ್‌ಪಿ ಟ್ಯಾಂಕ್. ಗಾಜಿನ ನಾರನ್ನು ರೆಸಿನ್ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಸುತ್ತಿ ಮಾಡಿದ್ದು. ಓಡುತ್ತಿದ್ದದ್ದು ಮೂರು ಕೆಜಿ ಪ್ರೆಷರ್‌ನಲ್ಲಿ, ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ ಮೂರು ಕೆಜಿ ಭಾರ, ಅಷ್ಟೇ.

ಬೇಸಿಗೆಯಲ್ಲಿ ಪಂಪ್ ಚಾಲೂ ಮಾಡಿದಾಗ ಒಳಗಿಂದ ‘ಟಕ್’ ಅಂತ ಶಬ್ದ ಬರತೊಡಗಿತು. ಹೋಗಿ ನೋಡಿದೆ. ಗೇಜಿನ ಮುಳ್ಳು ಅಲ್ಲಾಡುತ್ತಿರಲಿಲ್ಲ. ಒಂದು ಹನಿಯೂ ಸೋರಿಲ್ಲ. ಬುಡದ ಹತ್ತಿರ ಮಾತ್ರ ಅಂಗೈಯಗಲ ಬಿಳಿಚಿಕೊಂಡಿತ್ತು. ಟ್ಯಾಂಕ್ ಸ್ಟ್ಯಾಂಡಿನ ಮೇಲೆ ಕೂರುತ್ತಿದೆ, ಅದರ ಶಬ್ದ ಇದು ಅಂತ ತೀರ್ಮಾನಿಸಿದೆ. ಬಿಳಿಚಿದ ಜಾಗಕ್ಕೆ ಒಂದು ಕೋಟ್ ಪೇಂಟ್ ಹೊಡೆಸಿದೆ. ನಮ್ಮ ಶೆಡ್ಡಿನ ಹಳೆಯ ಮೇಸ್ತ್ರಿ ಒಬ್ಬರು, ‘ಸಾವಕಾರ್ರ, ಅದನ್ನ ತಗದ್ ಒಗೀರಿ’ ಅಂದರು. ‘ಹಿಡದೈತಲ್ಲೋ ಯಜಮಾನ, ಇಷ್ಟ್ ದಿನಾ ಏನೂ ಆಗಿಲ್ಲ’ ಅಂದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ. ನಾನು ಹುಟ್ಟಾ ಕಬ್ಬಿಣದ ಕೆಲಸದವನು. ಎಂಎಸ್ ಟ್ಯಾಂಕ್, ಅಂದರೆ ಸಾದಾ ಉಕ್ಕಿನದ್ದು, ಕೆಡುವ ಮುಂಚೆ ಹೇಳುತ್ತದೆ. ಉಬ್ಬುತ್ತದೆ, ತುಕ್ಕು ಹಿಡಿಯುತ್ತದೆ, ವೆಲ್ಡಿಂಗಿನ ಹತ್ತಿರ ಬೆವರುತ್ತದೆ. ನೋಡಿ, ಖಾಲಿ ಮಾಡಿ, ವೆಲ್ಡ್ ಹೊಡೆದು ಮತ್ತೆ ಓಡಿಸಬಹುದು. ಅದೇ ಕಣ್ಣಿನಿಂದ ನಾನು ನಾರಿನ ಟ್ಯಾಂಕನ್ನೂ ನೋಡಿದೆ. ನಾರಿನದ್ದು ಹಾಗಲ್ಲ. ಅದು ಕೆಡುವುದು ಪದರ ಪದರದ ನಡುವೆ. ಒಳಗೆ ಪದರ ಬಿಟ್ಟುಕೊಂಡರೂ ನೀರು ಸೋರುವುದಿಲ್ಲ, ಗೇಜ್ ಅಲ್ಲಾಡುವುದಿಲ್ಲ. ಆ ‘ಟಕ್’ ಮುಂದೆ ಆಗುವುದರ ಸೂಚನೆ ಅಂತ ತಿಳಿಯಬೇಡಿ. ಆಗಲೇ ಏನೋ ಹರಿದಿದೆ. ಮರುದಿನ ಪಂಪ್ ಹಾಕಿದಾಗ ಅದೇ ಮೂರು ಕೆಜಿಯನ್ನು ನಿನ್ನೆಗಿಂತ ಕಡಿಮೆ ಪದರಗಳು ಹೊರಬೇಕು. ಪಂಪ್ ಹಾಕಿದ್ದು, ಆರಿಸಿದ್ದು, ಮರಳು ತೊಳೆಯಲು ನೀರನ್ನು ಉಲ್ಟಾ ಹರಿಸಿ ಬ್ಯಾಕ್‌ವಾಶ್ ಮಾಡಿದ್ದು, ಪ್ರತಿಯೊಂದೂ ಅದರ ಆಯುಸ್ಸಿನಿಂದ ಸ್ವಲ್ಪ ತಿನ್ನುತ್ತದೆ. ‘ಇಷ್ಟು ದಿನ ತಡೆದಿದೆ’ ಅನ್ನುವುದನ್ನು ನಾನು ಗಟ್ಟಿತನದ ಸಾಕ್ಷಿ ಅಂದುಕೊಂಡೆ. ಅದು ಖರ್ಚಿನ ಲೆಕ್ಕವಾಗಿತ್ತು. ಇನ್ನು ಆ ಪೇಂಟು. ಒಡೆಯುವ ಜಾಗ ಕಣ್ಣಿಗೆ ಬೀಳದ ಹಾಗೆ ದುಡ್ಡು ಕೊಟ್ಟು ಮುಚ್ಚಿಸಿದ್ದು ನಾನೇ.

ಒಂದು ಬೆಳಿಗ್ಗೆ ಬುಡ ಹರಿಯಿತು. ಬರೀ ನೀರಿದ್ದಿದ್ದರೆ ಸುರಿದು ಹೋಗುತ್ತಿತ್ತು. ಮೇಲ್ಗಡೆ ಗಾಳಿ ಸೇರಿಕೊಂಡಿದ್ದರಿಂದ ಟ್ಯಾಂಕ್ ವಾಲ್ವ್ ಸಮೇತ ಹಾರಿತು. ಘಟಕ ನೋಡಿಕೊಳ್ಳುತ್ತಿದ್ದ ಹುಡುಗನ ತೋಳು ಎರಡು ಕಡೆ ಮುರಿಯಿತು. ಆಸ್ಪತ್ರೆ ಖರ್ಚು, ಹೋದ ಕಾಂಟ್ರಾಕ್ಟು, ಕೊನೆಗೆ ಮಾರಿದ ಲೇಥು, ಅದೆಲ್ಲ ಬೇಡ ಬಿಡಿ.

ಟೈಟನ್ ತನಿಖೆಯ ವಿವರ ಓದುವಾಗ ನನಗೆ ತಲೆ ಬಿಸಿಯಾಗಿದ್ದು ಇದಕ್ಕೇ. ಟೈಟಾನಿಕ್ ನೋಡಲು ಪ್ರವಾಸಿಗಳನ್ನು ಕರೆದೊಯ್ಯುತ್ತಿದ್ದ ಓಶನ್‌ಗೇಟ್ ಕಂಪನಿಯ ನೌಕೆ ಅದು. ಟಿಕೆಟ್ ಎರಡೂವರೆ ಲಕ್ಷ ಡಾಲರ್. 2023ರ ಜೂನ್ 18ರಂದು ಒಳಗಿದ್ದ ಐದೂ ಜನರ ಸಮೇತ ಕುಸಿಯಿತು. ಅದರ ನಡುಭಾಗ ಸುಮಾರು ಐದು ಇಂಚು ದಪ್ಪದ ಕಾರ್ಬನ್ ಫೈಬರ್ ಸಿಲಿಂಡರ್. ಎರಡು ತುದಿಗೆ ಅಂಟಿನಿಂದ ಕೂರಿಸಿದ ಟೈಟಾನಿಯಂ ಬಳೆ, ಅದಕ್ಕೆ ಟೈಟಾನಿಯಂ ಟೋಪಿ. ಟೈಟಾನಿಕ್ ಇರುವುದು ಸುಮಾರು 3,800 ಮೀಟರ್ ಆಳದಲ್ಲಿ. ಅಲ್ಲಿ ನೀರಿನ ಒತ್ತಡ ನಮ್ಮ ಲೆಕ್ಕದಲ್ಲಿ 380 ಕೆಜಿಗೂ ಜಾಸ್ತಿ. ನನ್ನ ಟ್ಯಾಂಕ್ ಮೂರಕ್ಕೆ ಹರಿದಿತ್ತು.

ಇನ್ನೊಂದು ವಿಷಯ. ನನ್ನ ಟ್ಯಾಂಕಿನಲ್ಲಿ ನೀರು ಒಳಗಿಂದ ಒತ್ತುತ್ತಿತ್ತು, ಅಂದರೆ ನಾರು ಎಳೆತದಲ್ಲಿತ್ತು. ನಾರು ಹಗ್ಗ ಇದ್ದ ಹಾಗೆ, ಎಳೆದರೆ ಗಟ್ಟಿ, ದಬ್ಬಿದರೆ ಬಾಗುತ್ತದೆ. ಸಬ್‌ಮರ್ಸಿಬಲ್‌ನಲ್ಲಿ ಸಮುದ್ರ ಹೊರಗಿಂದ ಒತ್ತುತ್ತದೆ. ಅಲ್ಲಿ ನಾರು ಬಾಗದಂತೆ ಹಿಡಿದಿಡುವುದು ರೆಸಿನ್ನಿನ ಕೆಲಸ. ಒಳಗೆ ಸುಕ್ಕು, ಗಾಳಿಗುಳ್ಳೆ ಉಳಿದಿದ್ದರೆ ಮುಗಿಯಿತು. ಟೈಟನ್‌ನ ಸಿಲಿಂಡರ್ ಪರೀಕ್ಷಿಸಿದಾಗ ಇವೆರಡೂ ಸಿಕ್ಕವು.

ಈಗ ನಿಮ್ಮ ಸೆನ್ಸರ್ ವಿಷಯ. ಟೈಟನ್‌ಗೂ ಇತ್ತು, ಗೋಡೆಯ ಶಬ್ದ ಕೇಳಿಸಿಕೊಳ್ಳುವ ವ್ಯವಸ್ಥೆ. ಅದೇ ತಮ್ಮ ಸುರಕ್ಷತೆ ಅಂತ ಕಂಪನಿ ಹೇಳಿಕೊಳ್ಳುತ್ತಿತ್ತು. 2022ರ ಜುಲೈ 15ರ ಡೈವ್‌ನಲ್ಲಿ ಮೇಲೆ ಬರುವಾಗ ದೊಡ್ಡದೊಂದು ಸದ್ದಾಯಿತು. ಒಳಗಿದ್ದವರಿಗೇ ಕೇಳಿಸಿತು. ಫ್ರೇಮ್ ಜರುಗಿ ಸರಿಯಾಗಿ ಕೂತಿದ್ದರ ಸದ್ದು ಅಂದುಕೊಂಡರು. ನನ್ನ ಸ್ಟ್ಯಾಂಡಿನ ಕಥೆಯೇ! ಆಮೇಲಿನ ರೆಕಾರ್ಡಿನಲ್ಲಿ ಗೋಡೆ ಮೊದಲಿನ ಹಾಗೆ ವರ್ತಿಸುತ್ತಿರಲಿಲ್ಲ. ಅಂದೇ ಪದರ ಬಿಟ್ಟಿತ್ತು ಅಂತ ತನಿಖೆ ಹೇಳಿತು. ಅದಾದ ಮೇಲೂ ನೀರಿಗೆ ಇಳಿಸಿದರು. ಚಳಿಗಾಲವಿಡೀ ಕೆನಡಾದ ಸೇಂಟ್ ಜಾನ್ಸ್‌ನಲ್ಲಿ ಬಯಲಲ್ಲಿ ನಿಲ್ಲಿಸಿದ್ದರು. ಅಂದರೆ ಸೆನ್ಸರ್ ತನ್ನ ಕೆಲಸ ಮಾಡಿತ್ತು, ಓದಿ ಬೇಡ ಅನ್ನುವವರು ಇರಲಿಲ್ಲ. ಆಳದಲ್ಲಿದ್ದಾಗ ಸೆನ್ಸರ್ ಕೂಗಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಮೇಲೆ ಬರಲು ಗಂಟೆಗಟ್ಟಲೆ ಬೇಕು, ಗೋಡೆ ಕುಸಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಬೇಡ ಅಂದವರು ಮೊದಲು ಇದ್ದರು. ಕಂಪನಿಯದೇ ಸಮುದ್ರ ಕಾರ್ಯಾಚರಣೆಯ ಮುಖ್ಯಸ್ಥ ಡೇವಿಡ್ ಲಾಕ್‌ರಿಜ್ 2018ರಲ್ಲಿ ಅಪಾಯಗಳನ್ನು ಬರೆದುಕೊಟ್ಟರು. ಕಿಟಕಿಗೆ ಅದರ ತಯಾರಕರು 1,300 ಮೀಟರ್‌ವರೆಗೆ ಮಾತ್ರ ಜವಾಬ್ದಾರಿ ಹೊರುತ್ತಾರೆ ಅಂತಲೂ ತೋರಿಸಿದರು. ಅವರನ್ನು ಕೆಲಸದಿಂದ ತೆಗೆದರು. ಅದೇ ವರ್ಷ ಈ ಕ್ಷೇತ್ರದ ಮೂವತ್ತಕ್ಕೂ ಹೆಚ್ಚು ಜನ ಎಚ್ಚರಿಕೆಯ ಪತ್ರ ಬರೆದರು. ಹೊರಗಿನ ಸಂಸ್ಥೆಯಿಂದ ತಪಾಸಣೆ ಮಾಡಿಸಿ, ನೌಕೆ ನಿಯಮದಂತಿದೆ ಅನ್ನುವ ಕ್ಲಾಸ್ ಸರ್ಟಿಫಿಕೇಟ್ ತೆಗೆದುಕೊಂಡರೆ ಹೊಸ ಪ್ರಯೋಗ ನಿಧಾನವಾಗುತ್ತದೆ ಅಂತ ಕಂಪನಿ ವಾದಿಸಿತ್ತು. ಈ ಸಾವುಗಳನ್ನು ತಪ್ಪಿಸಬಹುದಿತ್ತು ಅಂತ ಅಮೆರಿಕದ ಕೋಸ್ಟ್ ಗಾರ್ಡ್ 2025ರ ಆಗಸ್ಟ್‌ನ ವರದಿಯಲ್ಲಿ ಬರೆಯಿತು.

ಹಾಗಂತ ಆಳವೇ ಅಪಾಯ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಲಿಮಿಟಿಂಗ್ ಫ್ಯಾಕ್ಟರ್ ಅನ್ನುವ ನೌಕೆ 2019ರಿಂದ ಸುಮಾರು 10,900 ಮೀಟರ್‌ವರೆಗೆ ಮತ್ತೆ ಮತ್ತೆ ಇಳಿದು ಬಂತು. ಅದರಲ್ಲಿ ಜನ ಕೂರುವ ಕೋಣೆ ಒಂಬತ್ತು ಸೆಂಟಿಮೀಟರ್ ದಪ್ಪದ ಗೋಡೆಯ ಟೈಟಾನಿಯಂ ಗುಂಡು, ಅಂದರೆ ಗೋಳ. ಹಡಗುಗಳನ್ನು ತಪಾಸಣೆ ಮಾಡುವ ಡಿಎನ್‌ವಿ ಸಂಸ್ಥೆಯ ಸರ್ಟಿಫಿಕೇಟ್ ಇದ್ದದ್ದು. ನಮ್ಮ ಚೆನ್ನೈನ ಸರ್ಕಾರಿ ಸಮುದ್ರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿ 6,000 ಮೀಟರಿಗೆ ಅಂತ ಮಾಡುತ್ತಿರುವ ಮತ್ಸ್ಯ 6000ಕ್ಕೂ ಟೈಟಾನಿಯಂ ಗುಂಡೇ. ಗುಂಡಿನ ಮೇಲೆ ಒತ್ತಡ ಎಲ್ಲ ಕಡೆ ಸಮ ಬೀಳುತ್ತದೆ. ಅದನ್ನು ಬಿಟ್ಟು ಸಿಲಿಂಡರ್ ಯಾಕೆ ಮಾಡಿದರು? ಸೀಟು ಜಾಸ್ತಿ ಸಿಗುತ್ತವೆ. ಇನ್ನು ಕಡಿಮೆ ಆಳ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂತಲೂ ಇಲ್ಲ. 2025ರ ಮಾರ್ಚ್‌ನಲ್ಲಿ ಈಜಿಪ್ಟಿನ ಹುರ್ಗಾದದಲ್ಲಿ ಹವಳ ತೋರಿಸುವ ಪ್ರವಾಸಿ ಸಬ್‌ಮರೀನ್ ಮುಳುಗಿ ಆರು ಜನ ಸತ್ತರು.

ಹಾಗಾಗಿ ಎಷ್ಟು ಸಲ ಹೋಗಿ ಬಂದಿದೆ ಅಂತ ಕೇಳಬೇಡಿ. ಕ್ಲಾಸ್ ಸರ್ಟಿಫಿಕೇಟ್ ಯಾರದು, ಯಾವ ಆಳಕ್ಕೆ, ಯಾವತ್ತಿನವರೆಗೆ ಅಂತ ಕೇಳಿ. ಕೊನೆಯ ಸಲ ಅರ್ಥವಾಗದ ಶಬ್ದ ಬಂದಾಗ ಏನು ಮಾಡಿದಿರಿ ಅಂತ ಕೇಳಿ. ಏನೂ ಶಬ್ದವೇ ಬಂದಿಲ್ಲ ಅಂದರೆ ವಾಪಸ್ ಬನ್ನಿ.

ಸಮುದ್ರದೊಳಗೆ ಇಣುಕುವುದಷ್ಟೇ ಆಸೆಯಾದರೆ ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾಕ್ಕೆ ಹೋಗಿ. ಅಲ್ಲೂ ಬೋಟ್ ಹತ್ತುವ ಮುಂಚೆ ಸಿಲಿಂಡರಿನ ಹೆಗಲ ಮೇಲೆ ಒತ್ತಿರುವ ಟೆಸ್ಟ್ ತಾರೀಖು ನೋಡಿ. ಸ್ಟಿಕ್ಕರ್ ಅಂಟಿಸಿಯೋ ಪೇಂಟ್ ಹೊಡೆದೋ ತಾರೀಖು ಕಾಣದ ಹಾಗಾಗಿದ್ದರೆ ಬೇರೆ ಸಿಲಿಂಡರ್ ಕೇಳಿ. ಕೊಡದಿದ್ದರೆ ದುಡ್ಡು ವಾಪಸ್ ಕೇಳಿ.